ಒಂದು ಬುಟ್ಟಿ ಹೂಳು

ನಮ್ಮ ಕಚೇರಿಯವರು ಅಚ್ಚು ಹಾಕಿಸಿದ ದಪ್ಪ ಪುಸ್ತಕದಲ್ಲಿ ಆತನಿಗೆ ಸಿಕ್ಕಿರುವುದು ಅರ್ಧ ಸಾಲು. "ಸ್ಥಳೀಯನೊಬ್ಬನ ನೆರವಿನಿಂದ" ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಅದೇ ಪುಸ್ತಕದಲ್ಲಿ ನಮ್ಮ ದೊಡ್ಡ ಸಾಹೇಬರ ಡೇರೆಯ ಚಿತ್ರ ಒಂದು ಇಡೀ ಪುಟ ತುಂಬಿದೆ, ಅವರ ನಾಯಿಗೂ ಅದರಲ್ಲಿ ಜಾಗ ಸಿಕ್ಕಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕಿನ ಹಳೆಯ ಹೊಂಡ, ಬಾವಿ, ಕಾಲುವೆಗಳನ್ನು ಕೈಹಿಡಿದು ತೋರಿಸಿದ ಮನುಷ್ಯನಿಗೆ ಮಾತ್ರ ಅರ್ಧ ಸಾಲು. ಪುಸ್ತಕ ನನ್ನ ಕೈಗೆ ಬಂದ ವಾರದಲ್ಲೇ ತಾವರಗೇರಾದ ಸಂತೆಯಲ್ಲಿ ಆತನ ಊರಿನವನೊಬ್ಬ ಸಿಕ್ಕು, ಆತ ತೀರಿಕೊಂಡು ತಿಂಗಳಾಯಿತು ಎಂದ. ಕಣ್ಣಲ್ಲಿ ನೀರು ಬರುವ ಮೊದಲೇ ನನಗೆ ಮೈಯೆಲ್ಲ ಉರಿಯಿತು. ಆ ಉರಿ ಆರಿಹೋಗುವುದರೊಳಗೆ ಬರೆದುಬಿಡಬೇಕೆಂದು ಕೂತಿದ್ದೇನೆ.

ನಾನೂ ಆತನ ಹೆಸರು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಹಾಗಂತ ಆತನೇ ನನ್ನಿಂದ ಮಾತು ತೆಗೆದುಕೊಂಡಿದ್ದ, ಯಾಕೆಂದು ಮುಂದೆ ಹೇಳುತ್ತೇನೆ. ತಾವರಗೇರಾಕ್ಕೂ ಹನುಮಸಾಗರಕ್ಕೂ ನಡುವಿನ ಕಲ್ಲುಗುಡ್ಡಗಳ ಬುಡದಲ್ಲಿ ಒಂದು ಊರು ಎಂದರೆ ಸಾಕು.

ಆಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಕಚೇರಿಯೊಂದರಲ್ಲಿ ನಾನು ನಕ್ಷೆ ಬರೆಯುವ ಕೆಲಸಕ್ಕಿದ್ದೆ. ವಯಸ್ಸು ಇಪ್ಪತ್ತೈದರೊಳಗೆ, ಅಕ್ಷರ ಚೆಂದ, ತಲೆತುಂಬ ಜಂಬ. ಒಂದು ಮಧ್ಯಾಹ್ನ ಬಾಡಿಗೆಯ ಚಕ್ಕಡಿಯಲ್ಲಿ ಆ ಊರಿಗೆ ಹೋಗಿ ಇಳಿದೆ. ಗುಡ್ಡದ ದಾರಿಯಲ್ಲಿ ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬರುತ್ತಿದ್ದ ಐವತ್ತರ ಗಂಡಸೊಬ್ಬ ಕಂಡ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಬಣ್ಣ ಹೋದ ರುಮಾಲು, ಮೀಸೆಗೆ ಮೆತ್ತಿದ ಕೆಸರು.

"ಯಜಮಾನ್ರ, ಇಲ್ಲೊಂದು ಹಾಳು ಬಿದ್ದ ಹೊಂಡ ಐತಂತಲ್ರಿ, ಎಲ್ಲೈತಿ?" ಎಂದೆ.

"ಹಾಳು ಬಿದ್ದದ್ದು ನಮ್ಮೂರಾಗ ಯಾವುದೂ ಇಲ್ರಿ. ನೀರಿದ್ದ ಹೊಂಡ ಒಂದೈತಿ. ಅದು ಬೇಕಂದ್ರ ತೋರಸ್ತೀನಿ."

ಹಾಳು ಎಂಬ ಮಾತು ಕೇಳಿದರೆ ಆತನಿಗೆ ಆಗುತ್ತಿರಲಿಲ್ಲ. "ನಿಮ್ಮ ಕಣ್ಣಿಗೆ ಹಾಳು. ನಮ್ಮ ಹೆಣ್ಮಕ್ಕಳ ಕೊಡಕ್ಕ ಕೇಳ್ರಿ, ಅದು ಹೇಳತೈತಿ" ಎನ್ನುತ್ತಿದ್ದ. ಆ ದಿನ ಹೊಂಡದ ಬಾಯಿಗೆ ಹೋದೊಡನೆ ನಾನು ಮೆಟ್ಟಿಲಿಳಿಯಲು ಕಾಲಿಟ್ಟೆ. ಆತ ಸಲಿಕೆಯ ಕಾವನ್ನು ಅಡ್ಡ ಹಿಡಿದ. ಗುಡ್ಡದಿಂದ ಬರುವ ಕಾಲುವೆಯ ನೀರು ಹೊಂಡಕ್ಕೆ ಬೀಳುವ ಮುಂಚೆ ಹೂಳು ನಿಲ್ಲಲೆಂದು ಕಟ್ಟಿದ ಒಂದು ಕಲ್ಲಿನ ಕುಣಿ ಅಲ್ಲಿದೆ. ಅದರ ದಂಡೆಯಲ್ಲಿ ಒಂದು ಬಿದಿರಬುಟ್ಟಿ ಬೋರಲು ಬಿದ್ದಿತ್ತು. ಆತ ಅದನ್ನು ಕಾಲಿನಿಂದ ನನ್ನ ಕಡೆ ಸರಿಸಿದ.

"ಮೊದಲ ಹೊರ್ರಿ. ನೋಡೂದು ಆಮ್ಯಾಲ."

ಹೊಂಡ ನೋಡಲು ಬಂದವರು ಯಾರೇ ಆಗಲಿ, ಕುಣಿಯಿಂದ ಒಂದು ಬುಟ್ಟಿ ಹೂಳು ಹೊತ್ತು ಹೊರಗೆ ಹಾಕಿಯೇ ಮೆಟ್ಟಿಲಿಳಿಯಬೇಕು. ಅದು ಆ ಊರಿನ ಕಟ್ಟಳೆ. ಹೊಂಡ ಕಾಯುವುದು ತಲೆತಲಾಂತರದಿಂದ ಆತನ ಮನೆತನದ ಕೆಲಸ. ಸಂಬಳವಿಲ್ಲ, ಸರಕಾರದ ಸನ್ನದು ಪತ್ರವಿಲ್ಲ, ಪಟೇಲನ ದಫ್ತರದಲ್ಲಿ ಹೆಸರೂ ಇಲ್ಲ. ಊರಿನವರು ಸುಗ್ಗಿಯಲ್ಲಿ ಒಂದಿಷ್ಟು ಜೋಳ ಅಳೆಯುತ್ತಿದ್ದರು, ಅಷ್ಟೇ. ನಾನು ಸರಕಾರದ ಮನುಷ್ಯ ಎಂದೆ. "ಹೌದಲ್ರಿ, ಅದಕ್ಕ ದೊಡ್ಡ ಬುಟ್ಟಿ ಕೊಟ್ಟೀನಿ" ಎಂದ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಕೆಸರು ಸುರಿಸಿಕೊಂಡು ಹೊತ್ತೆ. ಇಂಥವನನ್ನು ಜನ ಹೇಗೆ ಸಹಿಸುತ್ತಾರೋ ಎಂದು ಒಳಗೊಳಗೇ ಬೈದುಕೊಂಡೆ.

ಆದರೆ ಜನ ಸಹಿಸುತ್ತಿದ್ದರು, ಹಿಂದಿನ ವರ್ಷಗಳ ಕತೆಗಳನ್ನು ಊರಿನವರೇ ನನಗೆ ಹೇಳಿದರು. ಗಂಗಾವತಿಯಿಂದ ಬಂದ ಅಕ್ಕಿಯ ವ್ಯಾಪಾರಿಯೊಬ್ಬರು ಜರಿಯ ರುಮಾಲು ಬಿಚ್ಚಿಟ್ಟು, ತಲೆಗೆ ಸಿಂಬಿ ಸುತ್ತಿ, ಬುಟ್ಟಿ ಹೊತ್ತು, ಇಡೀ ದಿನ ಯಾರೊಡನೆಯೂ ಮಾತಾಡದೆ ಸಿಟ್ಟಿನಲ್ಲೇ ಹೋದರು. ಮರುವರ್ಷ ಮಳೆಗಾಲಕ್ಕೆ ಮೊದಲು ಅವರೇ ಬಂದರು, ಎರಡು ಬುಟ್ಟಿ ಹೊತ್ತರು, ಆಗಲೂ ಮಾತಾಡಲಿಲ್ಲ. ಬೆನ್ನು ಬಾಗಿದ ಮುದುಕಿಯೊಬ್ಬಳು ಬುಟ್ಟಿ ಎತ್ತಲಾಗದೆ ಒಂದು ಹಿಡಿ ಹೂಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹಾಕಿ ಬಂದಳು. ಆಕೆಯನ್ನು ಆತ ತಾನೇ ಮೆಟ್ಟಿಲಿಳಿಸಿ ನೀರು ಮುಟ್ಟಿಸಿದ. ನಿಯಮದಲ್ಲಿ ಹಿಡಿ ಹೂಳಿಗೂ ಬುಟ್ಟಿ ಹೂಳಿಗೂ ಭೇದವಿರಲಿಲ್ಲ. ಬರಿಗೈಯಲ್ಲಿ ಇಳಿಯುವಂತಿರಲಿಲ್ಲ, ಇಷ್ಟೇ.

ಆ ಚಳಿಗಾಲ ಆತನನ್ನು ಜೊತೆಗೆ ಕರೆದುಕೊಂಡು ನಾಲ್ಕೂ ತಾಲೂಕು ತಿರುಗಿದೆ. ಓದು ಬಾರದ ಮನುಷ್ಯ, ಕಟ್ಟಿದ ಕಲ್ಲನ್ನು ಮಾತ್ರ ಓದುತ್ತಿದ್ದ. ಕೊಪ್ಪಳದ ಕೋಟೆ ಏರಿದಾಗ ನಾನು ಬುರುಜು ನೋಡುತ್ತ ನಿಂತರೆ ಆತ ಬಂಡೆಯ ಮೇಲೆ ಅಂಗೈ ಇಟ್ಟುಕೊಂಡು, ಮಳೆಯ ನೀರು ಹರಿದ ಗುರುತು ಹಿಡಿದು, ಬಂಡೆಯಲ್ಲಿ ನೀರು ನಿಲ್ಲುವ ಒಂದು ದೊಣೆಯಿಂದ ಇನ್ನೊಂದಕ್ಕೆ ನಡೆದ. "ನೀರು ಎಲ್ಲಿಂದ ಬರತೈತಿ, ಎಲ್ಲಿಗಿ ಹೋಗತೈತಿ, ಇವೆರಡು ತಿಳದ್ರ ಕಟ್ಟಿದಾಂವ ಶಾಣ್ಯಾ ಹೌದೋ ಅಲ್ಲೋ ಗೊತ್ತಾಗತೈತಿ" ಎಂದ. ಇಟಗಿಯ ಗುಡಿಯ ಮುಂದೆ ಜೊತೆಗೆ ಬಂದಿದ್ದ ನಮ್ಮ ಕಚೇರಿಯ ಕಾರಕೂನರೆಲ್ಲ ಕಂಬದ ಕೆತ್ತನೆ ನೋಡಿ ಬಾಯಿ ತೆರೆದು ನಿಂತಿದ್ದಾಗ, ಈತ ಪುಷ್ಕರಣಿಯ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ನೀರು ಬರುವ ತೂತಿನೊಳಗೆ ತೋಳು ತೂರಿಸಿ, ಕೊಳೆತ ಎಲೆಯ ಮುದ್ದೆ ಎಳೆದು ಹಾಕುತ್ತಿದ್ದ. ಒಳಗೆ ಬರ್ರಿ, ದೇವರ ದರ್ಶನ ಮಾಡ್ರಿ ಎಂದು ಕರೆದೆ.

"ದೇವರು ಎಲ್ಲೂ ಹೋಗೂದಿಲ್ರಿ ರಾಯರ. ನೀರು ಹೋಗತೈತಿ."

ಆನೆಗೊಂದಿಯ ಕಾಲುವೆ ಕಂಡಾಗ ಮಾತ್ರ ಆತನಿಗೆ ಹೊಟ್ಟೆಯುರಿ. ಮೊಣಕಾಲಮಟ ತಣ್ಣಗೆ ಹರಿಯುವ ನೀರಿನಲ್ಲಿ ನಿಂತು, ಮುಖ ತೊಳೆದುಕೊಂಡು, "ಇದನ್ನ ಕಟ್ಟಿದವಗ ಹೊಳಿ ಇತ್ತು. ನಮ್ಮ ಹೊಂಡ ಕಟ್ಟಿದವಗ ಏನಿತ್ರಿ? ವರ್ಷಕ್ಕ ನಾಕು ಮಳಿ. ಇದನ್ನ ನೋಡಾಕ ಮಂದಿ ಬರತಾರ, ಅದನ್ನ ನೋಡಾಕ ಸರಕಾರದಿಂದ ನೀವೊಬ್ರ ಬಂದೀರಿ" ಎಂದು ಗೊಣಗಿದ. ನನ್ನ ಅಳತೆಯ ಟೇಪಿನ ಮೇಲೂ ಆತನಿಗೆ ಅಸಮಾಧಾನವಿತ್ತು. ತಾನು ರುಮಾಲು ಬಿಚ್ಚಿ ಅದರ ಉದ್ದದಿಂದ ಅಳೆಯುತ್ತಿದ್ದ. ಇಬ್ಬರ ಲೆಕ್ಕವೂ ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು. "ನಿಮ್ಮ ಟೇಪಿಗೆ ಎಷ್ಟು ಅಂತ ಗೊತ್ತೈತಿ, ಯಾಕ ಅಂತ ಗೊತ್ತಿಲ್ಲ" ಎಂದು ಒಮ್ಮೆ ಅಂದಿದ್ದ. ನಾನು ನಕ್ಕಿದ್ದೆ. ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಆತನ ಊರಿನ ಹೊಂಡದ ನಕ್ಷೆಯನ್ನು ಕಡೆಗೆ ಇಟ್ಟುಕೊಂಡಿದ್ದೆ. ಆರು ದಿನ ಅವರ ಮನೆಯ ಕಟ್ಟೆಯ ಮೇಲೆಯೇ ಇದ್ದೆ. ಆತನ ಹೆಂಡತಿ ನನಗೆ ರೊಟ್ಟಿ, ಪುಂಡಿಪಲ್ಯೆ ಬಡಿಸುತ್ತಿದ್ದಳು. ಮಕ್ಕಳಿಲ್ಲದ ಆಕೆಗೆ ಗಂಡನೂ ಹೊಂಡವೂ ಸೇರಿ ಎರಡು ಸಂಸಾರ. ದಿನವೂ ಆತ ನನ್ನನ್ನು ಒಂದೊಂದು ಮೆಟ್ಟಿಲಿನ ಮೇಲೆ ನಿಲ್ಲಿಸಿ, ಗುಡ್ಡದ ಬಂಡೆಯ ಮೇಲೆ ಬಿದ್ದ ಮಳೆ ಕಲ್ಲಿನ ಕಾಲುವೆಗೆ ಹೇಗೆ ಇಳಿಯುತ್ತದೆ, ಹೂಳಿನ ಕುಣಿಯಲ್ಲಿ ಹೇಗೆ ತಿಳಿಯಾಗುತ್ತದೆ, ಹೊಂಡಕ್ಕೆ ಹೇಗೆ ಬೀಳುತ್ತದೆ ಎಂದು ಹೇಳಿದ. ಹೊಂಡದ ತಳದಲ್ಲಿ, ಮೂಡಣ ಗೋಡೆಯಲ್ಲಿ, ಒಂದು ತೂಬು ಇದೆ. ಹಿಂದೆ ಅದರಿಂದ ನೀರು ನೆಲದೊಳಗಿನ ಕಾಲುವೆ ಹಿಡಿದು ತಗ್ಗಿನ ಯಾವುದೋ ಅರಸನ ತೋಟಕ್ಕೆ ಹೋಗುತ್ತಿತ್ತು. ತೋಟ ಹೋಯಿತು, ತೂಬಿನ ಕಲ್ಲುಬಿರಡೆಯೂ ಕಳೆದುಹೋಯಿತು. ನೀರು ಸುಮ್ಮನೆ ಹರಿದುಹೋಗತೊಡಗಿದಾಗ ಆತನ ಅಜ್ಜನ ಕಾಲದವರು ತೂಬಿನ ಮುಂದೆ ಒಂದು ಗೋಡೆ ಎಬ್ಬಿಸಿದರು.

ಚೆಂದದ ಗೋಡೆಯಲ್ಲ ಅದು. ಕಾಡುಗಲ್ಲು, ನಡುನಡುವೆ ಕಪ್ಪು ಎರೆಮಣ್ಣು, ಮೇಲೆ ಮೆತ್ತಿ ಮೆತ್ತಿ ಬಾತುಕೊಂಡ ಮೈ. ಸುತ್ತ ಸೂಜಿಮೊನೆ ಹೋಗದಂತೆ ಕೂಡಿಸಿದ ಹಳೆಯ ಕಲ್ಲುಗಳ ನಡುವೆ ಅದು ನಿಜಕ್ಕೂ ಅಸಹ್ಯವಾಗಿ ಕಾಣುತ್ತಿತ್ತು. ಪ್ರತಿ ಬೇಸಗೆಯಲ್ಲಿ ನೀರು ಇಳಿದಾಗ ಊರಿನವರೆಲ್ಲ ಸೇರಿ ಎರೆಭೂಮಿಯಿಂದ ಮಣ್ಣು ತಂದು, ಜೋಳದ ಹೊಟ್ಟು ಹಾಕಿ ತುಳಿದು, ಅದಕ್ಕೆ ಹೊಸ ಪದರು ಮೆತ್ತುತ್ತಿದ್ದರು.

"ಇದಕ್ಕ ಗಚ್ಚು ಹಾಕಬಾರದೇನ್ರಿ? ಗಟ್ಟಿ ಇರತೈತಿ" ಎಂದೆ.

"ಗಚ್ಚು ಬಿರಕ ಬಿಡತೈತ್ರಿ. ಎರಿಮಣ್ಣು ನೀರು ಕುಡದ್ರ ಉಬ್ಬತೈತಿ, ಉಬ್ಬಿದ್ರ ಬಿಗೀತೈತಿ. ನೀರ ನೀರನ್ನ ಹಿಡಿದು ನಿಂದರಸತೈತಿ. ಇದು ಬಿತ್ತಂದ್ರ ಊರು ಎದ್ದು ಹೋಗಬೇಕಾಗತೈತಿ ನೋಡ್ರಿ."

ಆಮೇಲೆ ನಂಬಿಕೆಯಿಂದ ಇನ್ನೊಂದು ಮಾತು ಹೇಳಿದ. ಗೋಡೆಯ ಹಿಂದೆ, ತೂಬಿನ ನೆತ್ತಿಯ ಕಲ್ಲಿನ ಮೇಲೆ ಅಕ್ಷರಗಳಿವೆ ಎಂದು ಅವರಜ್ಜ ಹೇಳಿದ್ದನಂತೆ.

ನಾನು ನಕ್ಷೆ ಬರೆದೆ. ನಮ್ಮ ಕಚೇರಿಯಲ್ಲಿ ಮೂಲದ ಕಟ್ಟಡಕ್ಕೆ ಕಪ್ಪು ಶಾಯಿ, ಆಮೇಲೆ ಸೇರಿಸಿದ್ದಕ್ಕೆ ಕೆಂಪು ಶಾಯಿ. ಗೋಡೆಯನ್ನು ಕೆಂಪಿನಲ್ಲಿ ಬರೆದೆ. ಪಕ್ಕದಲ್ಲಿ ಚೆಂದದ ಅಕ್ಷರದಲ್ಲಿ "ಇದರ ಹಿಂದೆ ಶಾಸನವಿರಬಹುದು" ಎಂದೂ ಬರೆದೆ. ವರದಿಯ ಕಾಗದದಲ್ಲಿ ಉದ್ದ, ಅಗಲ, ಎತ್ತರ, ಕಾಲ ಎಂದು ತುಂಬುವ ಚೌಕದ ಮನೆಗಳಿದ್ದವು, ಎಲ್ಲವನ್ನೂ ತುಂಬಿದೆ. ಇದು ಏತಕ್ಕೆ ಇದೆ ಎಂದು ಬರೆಯಲು ಮನೆಯಿರಲಿಲ್ಲ. ಇಲ್ಲದ ಮನೆಯನ್ನು ಗೀಚಿ ಕೂಡಿಸಿ ಬರೆಯುವ ಬುದ್ಧಿ ನನಗೆ ಬರಲಿಲ್ಲ. ಗೋಡೆ ಆಮೇಲಿನದು ಎಂಬುದರಲ್ಲಿ ಸುಳ್ಳೇನೂ ಇಲ್ಲ. ಒಂದಕ್ಷರವೂ ಸುಳ್ಳಿಲ್ಲದ ಆ ಕಾಗದದಿಂದ ಒಂದು ಊರನ್ನು ಕೆಡಿಸಿದೆ.

ಮರುವರ್ಷ ಚೈತ್ರದಲ್ಲಿ ದೊಡ್ಡ ಸಾಹೇಬರು ಬಂದರು. ನಮ್ಮ ಕಚೇರಿಯ ಮೇಲಧಿಕಾರಿ. ಓದಿದವರು, ಕಲ್ಲಿನ ಮೇಲಿನ ಅಕ್ಷರವೆಂದರೆ ಪ್ರಾಣ, ಕಲ್ಲಿನ ಪಕ್ಕದಲ್ಲಿ ನಿಂತ ಮನುಷ್ಯ ಕಣ್ಣಿಗೇ ಬೀಳುತ್ತಿರಲಿಲ್ಲ. ಉರ್ದುವಿನಲ್ಲಿ ಮಾತಾಡುತ್ತಿದ್ದರು, ಕನ್ನಡ ಮಾಡಿ ಹೇಳಲು ನನ್ನನ್ನು ಕರೆತಂದಿದ್ದರು. ಹೊಂಡದ ಬಾಯಲ್ಲಿ ಅದೇ ಬುಟ್ಟಿ, ಅದೇ ಸಲಿಕೆ, ಆತ.

"ಮೊದಲ ಹೊರ್ರಿ ಸಾಹೇಬ್ರ. ನೋಡೂದು ಆಮ್ಯಾಲ."

ನಾನು ಅಂಜುತ್ತ ಅಂಜುತ್ತ ಹೇಳಿದೆ. ಸಾಹೇಬರು ನಕ್ಕರು, ಜವಾನನಿಗೆ ಹೊರು ಎಂದರು.

"ಜವಾನ ಹೊತ್ರ ಜವಾನ ನೋಡ್ಲಿ. ಬದಲಿ ನಡಿಯೂದಿಲ್ರಿ ಇಲ್ಲಿ."

ಇದನ್ನು ನಾನು ಉರ್ದುವಿಗೆ ತಿರುಗಿಸಲಿಲ್ಲ, ನುಂಗಿದೆ. ಸಾಹೇಬರು ಕೈಯಲ್ಲಿದ್ದ ಬೆತ್ತದಿಂದ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ಕೆಳಗಿಳಿದರು. ಆತ ಅವರಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟ. ಗೋಡೆಯನ್ನು ಇವತ್ತೇ ತೆಗೆಯಬೇಕು, ಶಾಸನದ ಅಚ್ಚು ಮತ್ತು ಪಟ ತೆಗೆದು ಸಂಜೆಗೆ ಹೊರಡಬೇಕು ಎಂದು ಅಪ್ಪಣೆಯಾಯಿತು. ಪಟೇಲ ಬಿಟ್ಟಿ ಆಳುಗಳನ್ನು ಕರೆಸಿದ. ಯಾರನ್ನು? ಆ ನೀರು ಕುಡಿಯುವ ಊರಿನವರನ್ನೇ. ಕೂಲಿಯಿಲ್ಲದೆ ತಮ್ಮ ನೀರನ್ನು ತಾವೇ ಹರಿಬಿಡಲಿಕ್ಕೆ. 

ಆತ ದಡದಡನೆ ಇಳಿದುಬಂದು ಗೋಡೆಯ ಮೇಲೆ ಕೂತುಬಿಟ್ಟ. ಅರ್ಧ ಕಾಲು ನೀರಿನಲ್ಲಿ. "ತೂಬು ಜೀವಂತ ಐತಿ. ಗ್ವಾಡಿ ಕಿತ್ತರ ಹೊತ್ತು ಮುಣಗೂದ್ರಾಗ ಹೊಂಡ ಬರಿದಾಗತೈತಿ. ಮಳಿಗೆ ಇನ್ನಾ ಎರಡು ತಿಂಗಳೈತಿ. ಹೇಳ್ರಿ ರಾಯರ, ಅವರಿಗೆ ತಿಳಿಯೂ ಹಂಗ ಹೇಳ್ರಿ."

ಹೇಳಿದೆ. ಇದನ್ನಾದರೂ ಹೇಳಿದೆ. ಸಾಹೇಬರು, ಅಷ್ಟು ಹಳೆಯ ಕಾಲುವೆ ಎಂದೋ ಹೂತುಹೋಗಿರುತ್ತದೆ, ಹಳ್ಳಿಯವರ ಅಂಜಿಕೆ ಇದು ಎಂದರು. ನಕ್ಷೆ ತೆಗೆ ಎಂದರು. ಮೆಟ್ಟಿಲ ಮೇಲೆ ಬಿಡಿಸಿ ಹಿಡಿದೆ. ಬೆತ್ತದ ತುದಿಯನ್ನು ಕೆಂಪು ಗೆರೆಯ ಮೇಲಿಟ್ಟು, ಇದು ನೀನೇ ಬರೆದದ್ದಲ್ಲವೇ ಎಂದು ಕೇಳಿದರು. ಹೌದು ಎಂದೆ.

ಆತ ಕೂತಲ್ಲಿಂದಲೇ ಕಾಗದದ ಕಡೆ ನೋಡಿದ. ತನ್ನ ಹೊಂಡವನ್ನು ಕಾಗದದ ಮೇಲೆ ಆತ ನೋಡಿದ್ದು ಅದೇ ಮೊದಲು.

"ಕೆಂಪಂದ್ರ ಏನ್ರಿ ರಾಯರ?"

"ಕೆಂಪಂದ್ರ... ಆಮ್ಯಾಲ ಕಟ್ಟಿದ್ದು ಅಂತ್ರಿ."

"ಆಮ್ಯಾಲ ಕಟ್ಟಿದ್ದಂದ್ರ?"

"ತೆಗದ್ರ ನಡೀತೈತಿ ಅಂತ."

ಆತ ನನ್ನ ಮುಖವನ್ನು ನೋಡಿದ ಬಗೆಯನ್ನು ಇಲ್ಲಿ ಬರೆಯಲಾರೆ. "ಆರು ದಿವಸ ನಮ್ಮ ಮನಿ ರೊಟ್ಟಿ ತಿಂದು ಇದನ್ನ ಬರದ್ರೇನು?" ಎಂದ, ಅಷ್ಟೇ. ಪೊಲೀಸ್ ಅಮೀನನ ಜವಾನರು ಬಂದು ಆತನನ್ನು ತೋಳು ಹಿಡಿದು ಎಳೆದರು. ಆತ ಬೈದ, ಒದ್ದ, ಒಬ್ಬನ ಕೈ ಕಚ್ಚಿದ. ಕುಷ್ಟಗಿಗೆ ಒಯ್ದು ಎರಡು ದಿನ ಕೂಡಿಹಾಕಿದರು.

ಗೋಡೆಯ ಮೇಲಿನ ಕಲ್ಲುಗಳು ಹೋಗುವವರೆಗೆ ಏನೂ ಆಗಲಿಲ್ಲ. ನಡುವಿನ ಸಾಲಿಗೆ ಹಾರೆ ಹಾಕಿದಾಗ ಒಳಗಿನಿಂದ ಗುಳುಗುಳು ಸದ್ದು ಬಂತು. ಆಮೇಲೆ ಉಳಿದ ಕಲ್ಲುಗಳನ್ನು ಯಾರೂ ಕೀಳಬೇಕಾಗಲಿಲ್ಲ, ನೀರೇ ಕಿತ್ತುಕೊಂಡು ಹೋಯಿತು. ಮೇಲೆ ದಂಡೆಯಲ್ಲಿ ಕೊಡ ಹಿಡಿದು ನಿಂತ ಹೆಂಗಸರು ಮೊದಲು ಕೂಗಾಡಿದರು, ಆಮೇಲೆ ಕೊಡ ಕೆಳಗಿಟ್ಟು ಕೂತರು. ಸಂಜೆಗೆ ತಳದ ಕೆಸರಿನಲ್ಲಿ ಮೀನು ಹೊರಳಾಡುತ್ತಿದ್ದವು. ಸಾಹೇಬರು ತೂಬಿನ ಮುಂದೆ ನಿಂತು ಪಟ ತೆಗೆಸಿಕೊಂಡರು. ಪುಸ್ತಕದಲ್ಲಿ ಅದೂ ಇದೆ, ಬಹಳ ಚೆನ್ನಾಗಿ ಬಂದಿದೆ.

ಶಾಸನ ಇತ್ತು. ಏಳು ಸಾಲು. ಅಚ್ಚು ತೆಗೆದವನು ನಾನೇ. ಕಾಗದ ಒದ್ದೆ ಮಾಡಿ ಕಲ್ಲಿಗೆ ಬಡಿಯುವಾಗಲೇ ಕೊನೆಯ ಎರಡು ಸಾಲು ಓದಲು ಬಂತು. ಈ ನೀರನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು ಎಂದಿತ್ತು. ಕೆಡಿಸಬೇಡಿ ಎಂದು ಬರೆದದ್ದನ್ನು ಓದಲಿಕ್ಕೆ ಕೆಡಿಸಿದೆವು. ಇಂಥ ವಿದ್ಯೆಗೆ ಬೆಂಕಿ ಬೀಳಲಿ! ಸಾಹೇಬರಿಗೆ ಅರ್ಥ ಹೇಳಿದೆ. ಲಿಪಿ ಯಾವ ಕಾಲದ್ದಿರಬಹುದು ಎಂದು ಅವರು ಕೇಳಿದರು.

ತಿಂಗಳೊಪ್ಪತ್ತು ಬಿಟ್ಟು ನಾನೊಬ್ಬನೇ ಹೋದೆ. ಯಾಕೆ ಹೋದೆನೋ, ಬೈಸಿಕೊಳ್ಳಲಿಕ್ಕೆ ಇರಬೇಕು. ಊರಿನ ಎಮ್ಮೆಗಳನ್ನೆಲ್ಲ ಬೀಗರ ಊರುಗಳಿಗೆ ಹೊಡೆದಿದ್ದರು. ಹೆಂಗಸರು ಎರಡು ಹರದಾರಿ ನಡೆದು ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ಚರಿಗೆಯಲ್ಲಿ ಮೊಗೆಮೊಗೆದು ಕೊಡ ತುಂಬುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತಿದ್ದಾಗ ಆತನ ಹೆಂಡತಿ ಬಿಸಿಲಿನಲ್ಲಿ ಕೊಡ ಹೊತ್ತು ಬಂದಳು. ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಚರಿಗೆ ನೀರನ್ನು ನನ್ನ ಮುಂದೆ ತಂದಿಟ್ಟಳು. ಮನೆಗೆ ಬಂದವರಿಗೆ ನೀರು ಕೊಡದೆ ಇರುವುದು ಅವರಿಗೆ ಗೊತ್ತಿಲ್ಲ. ಕುಡಿಯದಿದ್ದರೆ ಅವಳಿಗೆ ಅವಮಾನ, ಕುಡಿದರೆ ನನಗೆ ನಾಚಿಕೆ. ಕುಡಿದೆ. ಉಸುಕು ಗಂಟಲಿಗೆ ತಾಗಿತು.

ಆತ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಓದಿದ್ರೇನ್ರಿ ಅಕ್ಷರಾ?" ಎಂದ.

ಓದಿದ್ದನ್ನು ಹೇಳಿದೆ.

"ನನಗ ಓದಾಕ ಬರೂದಿಲ್ಲ. ಆದ್ರ ಕೆಡಸಬ್ಯಾಡ್ರಿ ಅಂತ ಅದ್ರಾಗ ಐತಿ ಅನ್ನೂದು ನಮ್ಮಜ್ಜ ಹೇಳಿದ್ದ. ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ರಿ. ಯಾರೂ ಕೇಳಲಿಲ್ಲ."

ಹೊಂಡದ ಕಡೆ ಹೋದೆವು. ಬಾಯಲ್ಲಿ ನಮ್ಮ ಕಚೇರಿಯ ಹಲಗೆ ನೆಟ್ಟಿದ್ದರು: ಇಲ್ಲಿ ಯಾರೂ ಏನನ್ನೂ ಕಟ್ಟಕೂಡದು, ಕೆಡವಕೂಡದು, ಮಾಡಿದರೆ ಶಿಕ್ಷೆ. ಕೆಡವಕೂಡದಂತೆ! ಒದ್ದು ಬೀಳಿಸಬೇಕೆನಿಸಿತು, ಸರಕಾರದ ಅನ್ನ ಕಾಲು ಹಿಡಿಯಿತು. ನಾನು ಹೋಗಿ ಬುಟ್ಟಿ ಎತ್ತಿಕೊಂಡೆ. ಆತ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕುಣಿಯ ದಂಡೆಯಲ್ಲಿ ಬೋರಲು ಹಾಕಿದ.

"ನೀವು ಬ್ಯಾಡ್ರಿ. ನೀವು ಹಂಗ ಇಳೀರಿ, ನಿಮ್ಮ ಸಾಹೇಬ್ರ ಇಳಿದ್ರಲ್ಲ."

ನಾನು ಇಳಿಯಲಿಲ್ಲ. ತಿರುಗಿ ಬಂದೆ. ಕಚೇರಿಗೆ ಗೋಡೆ ಮತ್ತೆ ಕಟ್ಟಲು ಅಪ್ಪಣೆ ಕೊಡಬೇಕೆಂದು ಅರ್ಜಿ ಬರೆದೆ. ಮೂಲರೂಪ ಕೆಡಿಸಲಾಗದು ಎಂದು ಉತ್ತರ ಬಂತು. ಎರಡನೆಯದಕ್ಕೂ ಅದೇ ಉತ್ತರ. ಮೂರನೆಯದಕ್ಕೆ ನಿನ್ನ ಕೆಲಸ ನಕ್ಷೆ ಬರೆಯುವುದು ಎಂದು ಬಂತು.

ಆತ ಯಾರ ಅಪ್ಪಣೆಗೂ ಕಾಯಲಿಲ್ಲ. ಮಳೆಗೆ ಎಂಟು ದಿನ ಮೊದಲು ಹಾಡಹಗಲೇ ಊರನ್ನೆಲ್ಲ ಕೂಡಿಸಿ, ಎರೆಮಣ್ಣು ತುಳಿಸಿ, ಅದೇ ಕಾಡುಗಲ್ಲು ಆರಿಸಿ ತಂದು, ತೂಬಿನ ಮುಂದೆ ಗೋಡೆ ಎಬ್ಬಿಸಿದ. ನಮ್ಮ ಹಲಗೆಯನ್ನು ಕಿತ್ತು ಮಣ್ಣು ಹೊರುವ ಹೆಡಿಗೆಗೆ ತಳ ಮಾಡಿದನಂತೆ. ಸುದ್ದಿ ಕಚೇರಿಗೆ ಬರದೆ ಇರುತ್ತದೆಯೇ? ಹೋಗಿ ನೋಡಿ, ಈಗಿರುವ ಸ್ಥಿತಿಯ ಹೊಸ ನಕ್ಷೆ ಬರೆದುಕೊಂಡು ಬಾ, ಗೋಡೆಯಿದ್ದರೆ ತೆಗೆಸಿ ಕಟ್ಟಿದವನನ್ನು ಹಿಡಿಸುತ್ತೇವೆ ಎಂದು ನನಗೇ ಅಪ್ಪಣೆಯಾಯಿತು.

ಶ್ರಾವಣದಲ್ಲಿ ಹೋದೆ. ಹೊಂಡ ಅರ್ಧ ತುಂಬಿತ್ತು. ಗೋಡೆ ನೀರಿನೊಳಗೆ ಮುಳುಗಿ, ಮೇಲಿನ ಒಂದು ಗೇಣು ಮಾತ್ರ ಕಪ್ಪಗೆ ಕಾಣುತ್ತಿತ್ತು. ಆತನಿಗೆ ನಾನು ಬಂದದ್ದು ಯಾತಕ್ಕೆಂದು ಗೊತ್ತಿತ್ತು. ಈ ಸಲವೂ ಬುಟ್ಟಿ ಕೊಡಲಿಲ್ಲ. ನಾನು ದಂಡೆಯಲ್ಲಿ ಕೂತು ನಕ್ಷೆಯ ಹಲಗೆಯ ಮೇಲೆ ಕಾಗದ ಹರವಿದೆ. ಎರಡು ದೌತಿಗಳನ್ನು ಪಕ್ಕದಲ್ಲಿಟ್ಟೆ, ಕಪ್ಪು, ಕೆಂಪು. ಆತ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. 

"ಕಟ್ಟಿದಾಂವ ನಾನ. ಹಿಡೀರಿ ಅಂತ ಹೇಳ್ರಿ, ನಾ ಒಲ್ಲೆ ಅನ್ನೂದಿಲ್ಲ. ಆದ್ರ ಗ್ವಾಡಿ ಬರೀಬ್ಯಾಡ್ರಿ. ನೀವು ಕಾಗದದಾಗ ಬರದದ್ದನ್ನ ಅವರು ಬಂದು ಕೀಳ್ತಾರ. ನೀವು ಬರೀದಿದ್ದದ್ದು ಹಂಗ ಉಳದೈತಿ. ಈ ಊರಾಗ ಏನೇನು ಉಳದೈತಿ, ಎಲ್ಲಾ ನೀವು ಬರೀದಿದ್ದದ್ದು."

ನಾನು ಕೆಂಪು ದೌತಿಯ ಬಾಯಿ ಮುಚ್ಚಿದೆ.

"ನನ್ನ ಹೆಸರೂ ಬರೀಬ್ಯಾಡ್ರಿ. ಇವತ್ತಲ್ಲ, ಎಂದೂ. ಊರಿನ ಹೆಸರೂ. ಮಾತು ಕೊಡ್ರಿ."

ಕೊಟ್ಟೆ. ಕಪ್ಪು ಶಾಯಿಯಲ್ಲಿ ಹೊಂಡ ಬರೆದೆ, ತೂಬು ಬರೆದೆ, ಗೋಡೆಯಿದ್ದಲ್ಲಿ ಖಾಲಿ ಬಿಟ್ಟೆ. ಸ್ಥಿತಿ ಎಂಬ ಮನೆಯಲ್ಲಿ "ಮೂಲರೂಪದಲ್ಲಿದೆ" ಎಂದು ಚೆಂದದ ಅಕ್ಷರದಲ್ಲಿ ಬರೆದು ಸಹಿ ಮಾಡಿದೆ. ನನ್ನ ಇಡೀ ನೌಕರಿಯಲ್ಲಿ ನಾನು ಬರೆದ ಒಂದೇ ಸುಳ್ಳು ಅದು, ಪ್ರಯೋಜನಕ್ಕೆ ಬಂದ ಕಾಗದವೂ ಅದೊಂದೇ. ಸಾಹೇಬರು ಅದನ್ನೇ ನಂಬಿ ಪುಸ್ತಕಕ್ಕೆ ಹಾಕಿದ್ದಾರೆ. ಹೋಗಿ ನೋಡುವ ತಾಪತ್ರಯ ಯಾರಿಗೆ ಬೇಕು?

ಆತ ಮಾತ್ರ ನನ್ನನ್ನು ಕ್ಷಮಿಸಿದ್ದೇನೆ ಎಂದು ಎಂದೂ ಅನ್ನಲಿಲ್ಲ. ಆಮೇಲೆ ಎರಡು ಸಲ ತಾವರಗೇರಾದಲ್ಲಿ ಸಿಕ್ಕಿದ್ದ. ಶರಣ್ರಿ ಎಂದು ಕೈಯೆತ್ತಿ ಮುಂದೆ ಹೋದ. ಮನೆಗೆ ಬರ್ರಿ ಎನ್ನಲಿಲ್ಲ. ಆ ಗಡಸುತನಕ್ಕೆ ನನಗೆ ಆತನ ಮೇಲೂ ಸಿಟ್ಟು ಬರುತ್ತಿತ್ತು. ಗೋಡೆ ಉಳಿಯಿತಲ್ಲ, ನೀರು ನಿಂತಿತಲ್ಲ, ನೌಕರಿ ಪಣಕ್ಕಿಟ್ಟು ಸುಳ್ಳು ಬರೆದೆನಲ್ಲ, ಇನ್ನೇನು ಬೇಕು ಈ ಮನುಷ್ಯನಿಗೆ ಎಂದು ದಾರಿಯುದ್ದ ಜಗಳವಾಡಿಕೊಂಡು ಬರುತ್ತಿದ್ದೆ, ನನ್ನೊಳಗೇ.

ಸಾವಿನ ಸುದ್ದಿ ಕೇಳಿದ ಮೂರನೆಯ ದಿನ ಹೋದೆ. ಈಗ ಸರಕಾರ ಬದಲಾಗಿದೆ, ಆ ಸಾಹೇಬರು ಎಲ್ಲಿಯೋ ಹೋಗಿದ್ದಾರೆ. ಹೊಂಡದ ಬಾಯಲ್ಲಿ ಹೊಸ ಹಲಗೆ ಬಂದಿದೆ, ಮಾತು ಮಾತ್ರ ಹಳೆಯದೇ. ಆತನ ಹೆಂಡತಿ ಕುಣಿಯ ಹತ್ತಿರ ನಿಂತಿದ್ದಳು, ಕೈಯಲ್ಲಿ ಸಲಿಕೆ. ಗಂಡನ ಕೆಲಸ ಆಕೆಯೇ ಹಿಡಿದಿದ್ದಳು. ನಾನು ಹತ್ತಿರ ಹೋಗಿ ಕೈಮುಗಿದೆ. ಆಕೆ ಅಳಲಿಲ್ಲ. ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

"ಅವರು ಹೇಳಿ ಹೋಗ್ಯಾರ್ರಿ. ರಾಯರು ಬಂದ್ರ ಎರಡು ಬುಟ್ಟಿ ಹೊರಸು ಅಂತ."

"ಎರಡ್ಯಾಕ್ರಿ ಅಕ್ಕಾ?"

"ನನಗೇನು ಗೊತ್ತ್ರಿ. ನೋಡಾಕ ಒಂದು, ಗ್ವಾಡಿಗೊಂದು ಇರಬೇಕು."

ಹೊತ್ತೆ. ಐವತ್ತಕ್ಕೆ ಹತ್ತಿರ ಬಂದ ಮೈಯಲ್ಲ ಇನ್ನೂ, ಆದರೂ ಮೊದಲ ಬುಟ್ಟಿಗೇ ಏದುಸಿರು ಬಂತು. ಹೆಗಲ ಮೇಲೆ ಕೆಸರು ಇಳಿಯಿತು. ಎರಡನೆಯದನ್ನೂ ಹೊತ್ತು ಹೊಲದ ಅಂಚಿಗೆ ಸುರಿದು ಬಂದು, ಮತ್ತೆ ಕುಣಿಗಿಳಿದು ಮೂರನೆಯದನ್ನು ತುಂಬತೊಡಗಿದೆ. ಕಣ್ಣು ಮಂಜಾಗಿ ಕೈಗೆ ಸಿಕ್ಕದ್ದನ್ನೆಲ್ಲ ತುಂಬುತ್ತಿದ್ದೆ.

ಆಕೆ ಬಂದು ಬುಟ್ಟಿಯನ್ನು ನನ್ನ ಕೈಯಿಂದ ಕಸಿದುಕೊಂಡಳು.

"ಸಾಕ್ರಿ ರಾಯರ. ಅವರು ಎರಡ ಅಂದಾರ. ಇನ್ನ ಇಳೀರಿ, ನೀರು ನೋಡ್ರಿ."